ಮೊದಲನೇ ಡಿಗ್ರಿ ಅಗ್ಗದಲ್ಲಿ ಮುಗಿಸು, ತಂಗಿ

ತಂಗಿ,

ನೀಟ್ ಪರೀಕ್ಷೆ ಮುಗಿದ ವಾರದಿಂದಲೇ ನಿಮ್ಮಪ್ಪನ ಫೋನಿಗೆ ಬಿಡುವಿರುವುದಿಲ್ಲ. ಪುಣೆಯಿಂದ, ಬೆಂಗಳೂರಿನಿಂದ, ಎಂದೂ ಕೇಳದ ಊರುಗಳಿಂದ ಯಾರ್ಯಾರೋ ಫೋನು ಮಾಡಿ, ‘ಮಗಳಿಗೆ ಮೆಡಿಕಲ್ ಸೀಟು ಖಾತ್ರಿ ಸರ್, ಒಮ್ಮೆ ಆಫೀಸಿಗೆ ಬಂದು ಹೋಗಿ’ ಅನ್ನುತ್ತಾರೆ. ಅವರ ದನಿಯಲ್ಲಿ ಎಂಥ ಮಮತೆ ಇರುತ್ತದೆಯೆಂದರೆ ಸ್ವಂತ ಸೋದರಮಾವನೂ ಅಷ್ಟು ಕಾಳಜಿ ಮಾಡಲಾರ. ಅವರು ಮಾತಾಡುವ ಮೊದಲು ನಾನು ಮಾತಾಡಿ ಮುಗಿಸಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ನಿನ್ನ ದೊಡ್ಡಪ್ಪ ಡಾಕ್ಟರನಲ್ಲ. ಇಂಡಿ ತಾಲೂಕಿನಿಂದ ಬಂದು ಈ ಘೋಡ ನದಿಯ ದಂಡೆಯ ಶಿರೂರಿನಲ್ಲಿ ಬ್ಯಾಂಕಿನ ಲೋನ್ ಮೇಜಿನ ಹಿಂದೆ ಕೂತು ನಿವೃತ್ತನಾದವನು. ಶರೀರದೊಳಗಿನ ನರ ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆ ಎಂದು ನನಗೆ ತಿಳಿಯದು. ಆದರೆ ಡಾಕ್ಟರಾಗಲು ಹೊರಟ ಮನೆಗಳ ಸಾಲ ಎಲ್ಲಿ ಹುಟ್ಟುತ್ತದೆ, ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಚೆನ್ನಾಗಿ ಗೊತ್ತು. ಆ ಫೈಲುಗಳು ನನ್ನ ಕೈಯಿಂದಲೇ ಹಾದು ಹೋಗಿವೆ.

ನಾನು ಹೇಳುವುದು ಇಷ್ಟೇ: ಎಂಬಿಬಿಎಸ್ ಈಗ ಮೊದಲನೇ ಡಿಗ್ರಿ ಮಾತ್ರ. ಅದನ್ನು ಎಷ್ಟು ಕಡಿಮೆ ದುಡ್ಡಿನಲ್ಲಿ ಮುಗಿಸಲು ಸಾಧ್ಯವೋ ಅಷ್ಟರಲ್ಲಿ ಮುಗಿಸು. ಅದಕ್ಕಾಗಿ ಊರು ಬಿಡಬೇಕಾದರೆ ಬಿಡು. ಹೆಸರಿಲ್ಲದ ಕಾಲೇಜಾದರೆ ಹೆಸರಿಲ್ಲದ್ದೇ ಆಗಲಿ.

ನಮ್ಮ ಕಾಲದಲ್ಲಿ ಎಂಬಿಬಿಎಸ್ ಅಂದರೆ ಪೂರ್ತಿ ಡಾಕ್ಟರು. ಈಗ ಶಿರೂರು ಪೇಟೆಯಲ್ಲಿ ಒಮ್ಮೆ ತಲೆಯೆತ್ತಿ ಬೋರ್ಡುಗಳನ್ನು ಓದುತ್ತ ನಡೆ. ಎಂಬಿಬಿಎಸ್ ಎಂಬಲ್ಲಿಗೇ ನಿಂತ ಬೋರ್ಡುಗಳು ಎಷ್ಟು ಸಿಗುತ್ತವೆ ನೋಡು. ಎಂಡಿ, ಎಂಎಸ್, ಡಿಎನ್‌ಬಿ ಅಂತ ಬಾಲ ಇದ್ದೇ ಇರುತ್ತದೆ. ಎಂಬಿಬಿಎಸ್‌ಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಎಂಡಿ ಅಥವಾ ಎಂಎಸ್‌ಗೆ ಮೂರು, ಹೃದಯ, ಮೂತ್ರಪಿಂಡ ಅಂತ ಇನ್ನೂ ಒಳಗೆ ಹೋಗುವವರಿಗೆ ಮತ್ತೆ ಮೂರು. ಇಷ್ಟು ಉದ್ದದ ದಾರಿಯಲ್ಲಿ ಮೊದಲ ಮೆಟ್ಟಿಲಿಗೇ ಮನೆಯ ದುಡ್ಡನ್ನೆಲ್ಲ ಸುರಿಯುವುದು ಮುಂಗಾರಿಗೇ ಬೀಜವನ್ನೆಲ್ಲ ಬಿತ್ತಿ, ಹಿಂಗಾರಿ ಜೋಳಕ್ಕೆ ಕೈ ಖಾಲಿ ಮಾಡಿಕೊಂಡ ಹಾಗೆ. ಇಂಡಿಯ ಕಡೆಯವರಿಗೆ ಹಿಂಗಾರಿ ಬೆಳೆಯೇ ಹೊಟ್ಟೆ ತುಂಬಿಸುವುದು ಎಂದು ನಿನಗೆ ಹೇಳಿಕೊಡಬೇಕಾಗಿಲ್ಲ.

ಆ ಬೋರ್ಡುಗಳಲ್ಲಿ ಇನ್ನೊಂದನ್ನೂ ಗಮನಿಸು. ಡಿಗ್ರಿ ಇರುತ್ತದೆ, ಯಾವ ಕಾಲೇಜಿನದು ಎಂದು ಬಹುತೇಕ ಇರುವುದಿಲ್ಲ. ಕೆಲವರು ಡಿಗ್ರಿಯ ಮುಂದೆ ‘ಮುಂಬೈ’ ಅಂತ ಬರೆಸುತ್ತಾರೆ, ಅದು ಒಂದು ಖಯಾಲಿ. ಜ್ವರ ಬಂದು ಮೈ ಸುಡುತ್ತಿರುವವನು ಅದನ್ನು ಓದುತ್ತಾ ನಿಲ್ಲುವುದಿಲ್ಲ. ಎಂಡಿ ಸೀಟು ಕೊಡುವ ನೀಟ್ ಪಿಜಿ ಪರೀಕ್ಷೆಯೂ ಓದುವುದಿಲ್ಲ. ಅಲ್ಲಿ ನಿನ್ನ ರ‍್ಯಾಂಕು ಮಾತಾಡುತ್ತದೆ. ಮೆರುಗಿನ ಕಲ್ಲು ಹಾಸಿದ ಕಾಲೇಜಿನ ಹುಡುಗನೂ ನಂದುರಬಾರದ ಸರ್ಕಾರಿ ಕಾಲೇಜಿನ ಹುಡುಗಿಯೂ ಅದೇ ಪ್ರಶ್ನೆಗಳಿಗೆ ಉತ್ತರ ಗುರುತು ಮಾಡುತ್ತಾರೆ.

ಈಗ ನನ್ನ ಮೇಜಿನ ಲೆಕ್ಕಕ್ಕೆ ಬರೋಣ. ಪೆನ್ನು ತಗೊಂಡು ಕೂತ್ಕೋ.

ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ಎಂಬಿಬಿಎಸ್ ಫೀಸು ವರ್ಷಕ್ಕೆ 20 ಲಕ್ಷ ದಾಟಿದ್ದು ಹಳೇ ಸುದ್ದಿ. ಲೆಕ್ಕಕ್ಕೆ ಸಲೀಸಾಗಲಿ ಎಂದು ಸರಿಯಾಗಿ 20 ಲಕ್ಷ ಅಂತಲೇ ಹಿಡಿ. ಐದು ಕಂತಿನಲ್ಲಿ 1 ಕೋಟಿ. ಅಷ್ಟನ್ನೂ ನೂರಕ್ಕೆ 10ರ ಬಡ್ಡಿಯಲ್ಲಿ ಸಾಲ ತೆಗೆದೆ ಅನ್ನು. ಶಿಕ್ಷಣ ಸಾಲಕ್ಕೆ ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟುವುದಕ್ಕೆ ಬಿಡುವಿದೆ, ಸರಿ. ಆದರೆ ಬಡ್ಡಿಗೆ ಬಿಡುವಿಲ್ಲ. ಮೊದಲ ವರ್ಷದ 20 ಲಕ್ಷ ಆರೂವರೆ ವರ್ಷ ಬಡ್ಡಿ ಹೊರುತ್ತದೆ, ಎರಡನೆಯದು ಐದೂವರೆ ವರ್ಷ, ಹೀಗೆ. ಚಕ್ರಬಡ್ಡಿ ಬಿಟ್ಟು ಸಾದಾ ಬಡ್ಡಿ ಹಾಕಿದರೂ 45 ಲಕ್ಷ ಆಗುತ್ತದೆ. ಅಂದರೆ ಮೊದಲ ಕಂತು ಕಟ್ಟುವ ದಿನ ನಿನ್ನ ತಲೆಯ ಮೇಲೆ 1 ಕೋಟಿ 45 ಲಕ್ಷ. ಅದನ್ನು 15 ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 1,55,800 ರೂಪಾಯಿ ಕಂತು.

ಆ ಕಂತು ಶುರುವಾಗುವುದು ಯಾವಾಗ ಗೊತ್ತೇ? ಎಲ್ಲ ನೆಟ್ಟಗೆ ನಡೆದರೆ, ನೀನು ಎಂಡಿ ಮೊದಲ ವರ್ಷದಲ್ಲಿ ರಾತ್ರಿ ಪಾಳಿ ಮಾಡುತ್ತ ಸ್ಟೈಪೆಂಡಿನ ಮೇಲೆ ಬದುಕುತ್ತಿರುವಾಗ. ಬ್ಯಾಂಕಿನವರನ್ನು ಕೇಳಿಕೊಂಡರೆ ಮುಂದಿನ ಓದಿಗೆ ಬಿಡುವು ವಿಸ್ತರಿಸಬಹುದು. ಬಡ್ಡಿ ಮಾತ್ರ ಮತ್ತೆ ಬೆಳೆಯುತ್ತದೆ.

ಅದೇ ಸರ್ಕಾರಿ ಕಾಲೇಜಿಗೆ, ಫೀಸು, ಹಾಸ್ಟೆಲು, ಮೆಸ್ಸು ಎಲ್ಲ ಸೇರಿಸಿ ವರ್ಷಕ್ಕೆ 2 ಲಕ್ಷ ಅಂತ ಧಾರಾಳವಾಗಿಯೇ ಹಿಡಿ. ಅದೇ ಬಡ್ಡಿ, ಅದೇ ಅವಧಿ. ಕಂತು ತಿಂಗಳಿಗೆ ಸುಮಾರು 15,600. ಇದನ್ನು ಸ್ಟೈಪೆಂಡಿನಲ್ಲೇ ಕಟ್ಟಿ, ಮಿಕ್ಕಿದ್ದರಲ್ಲಿ ನಿನ್ನವ್ವನಿಗೆ ದೀಪಾವಳಿಗೆ ಇಳಕಲ್ ಸೀರೆ ತರಬಹುದು.

ಇನ್ನೊಂದು ಮಾತು ಏಜೆಂಟರು ಹೇಳುವುದಿಲ್ಲ. ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿ ಅಡವು ಬೇಕಿಲ್ಲ. ಅದರ ಮೇಲೆ ಹೋದರೆ ಬೇಕು. ಆಗ ನಮ್ಮ ರೈತ ‘ನನ್ನ ಹೊಲ ಇದೆಯಲ್ಲ ಸಾಹೇಬರೇ’ ಅಂತ ಏಳು-ಬಾರಾ ಎಂಬ ಪಹಣಿ ಉತಾರ ತಂದು ಮೇಜಿನ ಮೇಲೆ ಇಡುತ್ತಾನೆ. ಸಾಲ ಮರಳದಿದ್ದರೆ ಕೋರ್ಟಿಗೆ ಹೋಗದೆ ಆಸ್ತಿ ಹಿಡಿಯುವ ಸರ್ಫೇಸಿ ಕಾಯ್ದೆ ಕೃಷಿಭೂಮಿಗೆ ಅನ್ವಯಿಸುವುದಿಲ್ಲ, ಹಾಗಾಗಿ ಇಂಥ ಸಾಲಕ್ಕೆ ಬ್ಯಾಂಕುಗಳು ಹೊಲ ಒಪ್ಪಿಕೊಳ್ಳಲು ಹಿಂದೆ ಮುಂದೆ ನೋಡುತ್ತವೆ. ಮನೆಯೋ ಕೃಷಿಯೇತರ (ಎನ್‌ಎ) ಪ್ಲಾಟೋ ಇದ್ದರೆ ಸರಿ. ಇಲ್ಲದವನು ಏನು ಮಾಡುತ್ತಾನೆ? ಹೊಲವನ್ನೇ ಮಾರುತ್ತಾನೆ. ರಾಂಜಣಗಾವ್ ಎಂಐಡಿಸಿ ಕೈಗಾರಿಕಾ ವಸಾಹತು ಬಂದ ಮೇಲೆ ಇಲ್ಲಿ ಎಕರೆಯ ದರ ಏರಿದ್ದರಿಂದ ಕೊಳ್ಳುವವರಿಗೇನೂ ಬರವಿಲ್ಲ. ಮಗ ಮೂರನೇ ವರ್ಷಕ್ಕೆ ಬರುವಷ್ಟರಲ್ಲಿ ಅಪ್ಪ ಮಾರಿದ ಹೊಲದಲ್ಲಿ ಗೋದಾಮು ಎದ್ದು, ಅಪ್ಪ ಅದರ ಗೇಟಿನಲ್ಲಿ ವಾಚ್‌ಮನ್ ಆಗಿ ಕೂತದ್ದನ್ನು ನಾನು ನೋಡಿದ್ದೇನೆ. ಮಗ ಡಾಕ್ಟರನಾದ, ಅದನ್ನು ಇಲ್ಲವೆನ್ನುವುದಿಲ್ಲ. ಆದರೆ ಆ ಮನೆಯ ತಂಗಿಯ ಓದು ಹನ್ನೆರಡಕ್ಕೇ ನಿಂತಿತು. ಒಬ್ಬರ ಫೀಸು ಇನ್ನೊಬ್ಬರ ಪಾಲಿನಿಂದ ಹೋಗುತ್ತದೆ, ಮತ್ತು ಆ ಇನ್ನೊಬ್ಬರು ಹೆಚ್ಚಾಗಿ ಹುಡುಗಿಯೇ ಆಗಿರುತ್ತಾಳೆ. ನಿನಗೂ ಒಬ್ಬ ತಂಗಿ ಇದ್ದಾಳೆ, ನೆನಪಿರಲಿ.

ನ್ಯೂಜೆರ್ಸಿಯಲ್ಲಿರುವ ನಿನ್ನ ಸೋದರತ್ತೆಯ ಮಗಳಿಗೂ ಇದೇ ಮಾತು ಹೇಳಿದೆ. ಅಲ್ಲಿ ದಾರಿ ಬೇರೆ. ಹೈಸ್ಕೂಲು ಮುಗಿಸಿದವರು ನೇರ ಮೆಡಿಕಲ್‌ಗೆ ಹೋಗುವಂತಿಲ್ಲ. ನಾಲ್ಕು ವರ್ಷ ಬೇರೆ ಡಿಗ್ರಿ, ಆಮೇಲೆ ಎಂಕ್ಯಾಟ್ ಎಂಬ ಪರೀಕ್ಷೆ, ಆಮೇಲೆ ನಾಲ್ಕು ವರ್ಷ ಮೆಡಿಕಲ್, ಅದಾದ ಮೇಲೆ ರೆಸಿಡೆನ್ಸಿ. ಪ್ರೀಮೆಡ್ ಅಂತ ಅವರು ಕರೆಯುವುದು ಒಂದು ಡಿಗ್ರಿಯೂ ಅಲ್ಲ. ಜೀವಶಾಸ್ತ್ರ, ರಸಾಯನ, ಭೌತಶಾಸ್ತ್ರದ ಇಂತಿಷ್ಟು ಪಾಠ ಮುಗಿಸಿದ್ದರೆ ಸಂಗೀತದಲ್ಲಿ ಬಿಎ ಮಾಡಿದವರೂ ಅರ್ಜಿ ಹಾಕಬಹುದು. ಆ ಹುಡುಗಿಗೆ ತನ್ನ ರಾಜ್ಯದ ರಟ್ಗರ್ಸ್ ವಿಶ್ವವಿದ್ಯಾಲಯವೂ ಸಿಕ್ಕಿತ್ತು, ಹೆಸರಾಂತ ಖಾಸಗಿ ವಿಶ್ವವಿದ್ಯಾಲಯವೊಂದೂ ಸಿಕ್ಕಿತ್ತು. ಆ ದೇಶದ ದೊಡ್ಡ ಖಾಸಗಿಗಳ ಖರ್ಚು ಈಗ ವರ್ಷಕ್ಕೆ 90,000 ಡಾಲರ್ ಮುಟ್ಟಿದೆ. ಸ್ವಂತ ರಾಜ್ಯದವರಿಗೆ ರಟ್ಗರ್ಸ್‌ನಲ್ಲಿ ಅದರ ಅರ್ಧವೂ ಆಗದು. ಮನೆಯಲ್ಲಿ ಎಲ್ಲರ ಕಣ್ಣು ಖಾಸಗಿಯ ಹೆಸರಿನ ಮೇಲೆ.

ಆಗ ನಾನು ಬರೆದದ್ದು ಇದು. ಮೆಡಿಕಲ್ ಕಾಲೇಜಿನವರು ನೋಡುವುದರಲ್ಲಿ ಅಂಕವೂ ಎಂಕ್ಯಾಟ್ ಸ್ಕೋರೂ ಮೊದಲು, ಆಸ್ಪತ್ರೆಯಲ್ಲಿ ಮಾಡಿದ ಸೇವೆ, ಪ್ರಯೋಗಾಲಯದ ಕೆಲಸ ಆಮೇಲೆ, ಹೆಸರು ಎಲ್ಲೋ ಹಿಂದೆ. ನಾಲ್ಕು ವರ್ಷ ಅಗ್ಗದಲ್ಲಿ ಓದಿದರೆ ಉಳಿದ ಡಾಲರು ಮೆಡಿಕಲ್‌ಗೆ ಬರುತ್ತದೆ. ಅದರ ಅಗತ್ಯ ಈಗ ಇನ್ನೂ ಹೆಚ್ಚಿದೆ. ಅಲ್ಲಿಯ ಸರ್ಕಾರ ಮೊದಲು ಮೆಡಿಕಲ್ ಓದಿನ ಖರ್ಚು ಎಷ್ಟಾದರೂ ಅಷ್ಟಕ್ಕೂ ಸಾಲ ಕೊಡುತ್ತಿತ್ತು. 2025ರಲ್ಲಿ ಕಾನೂನು ಬದಲಾಗಿ, 2026ರ ಜುಲೈ 1ರಿಂದ ಹೊಸದಾಗಿ ಸಾಲ ತೆಗೆಯುವವರಿಗೆ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರ್ ಎಂಬ ಮಿತಿ ಬಂತು. ಮೇಲಿನದಕ್ಕೆ ಖಾಸಗಿಯಾಗಿ ಸಾಲ ಕೊಡುವವರ ಬಾಗಿಲಿಗೇ ಹೋಗಬೇಕು. ಒಂದು ತಿರುವು ಮಾತ್ರ ನೆನಪಿಡಬೇಕು: ಅಲ್ಲಿ ಪಟ್ಟಿಯಲ್ಲಿ ಬರೆದ ದರವೇ ಬೇರೆ, ಕಟ್ಟುವ ದರವೇ ಬೇರೆ. ಆದಾಯ ಕಡಿಮೆಯಿರುವ ಮನೆಯ ಮಕ್ಕಳಿಗೆ ದೊಡ್ಡ ಖಾಸಗಿ ವಿಶ್ವವಿದ್ಯಾಲಯಗಳು ಎಷ್ಟು ವಿನಾಯಿತಿ ಕೊಡುತ್ತವೆಯೆಂದರೆ ಕೆಲವೊಮ್ಮೆ ಅದೇ ಸರ್ಕಾರಿಗಿಂತ ಅಗ್ಗವಾಗುತ್ತದೆ. ಆದ್ದರಿಂದ ಗೇಟಿನ ಹೆಸರನ್ನೂ ಬಿಡು, ಪಟ್ಟಿಯ ದರವನ್ನೂ ಬಿಡು, ಕೈಯಿಂದ ಹೋಗುವುದೆಷ್ಟು ಎಂದು ಬರೆಸಿಕೋ ಅಂದೆ. ಅವಳು ರಟ್ಗರ್ಸ್ ಸೇರಿದಳು. ನನ್ನ ತಂಗಿ ಎರಡು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಇನ್ನು ನಿನ್ನ ವಿಷಯ.

ನಿನ್ನ ಹತ್ತಿರ ಇರುವ ದೊಡ್ಡ ಆಸ್ತಿ ಯಾವುದು ಗೊತ್ತೇ? ಹತ್ತನೆಯದನ್ನೂ ಹನ್ನೆರಡನೆಯದನ್ನೂ ಮಹಾರಾಷ್ಟ್ರದಲ್ಲಿಯೇ ಓದಿದ್ದು. ಸರ್ಕಾರಿ ಕಾಲೇಜುಗಳ ಸೀಟಿನಲ್ಲಿ ನೂರಕ್ಕೆ 15 ಅಖಿಲ ಭಾರತ ಕೋಟಾಕ್ಕೆ, 85 ರಾಜ್ಯದ ಮಕ್ಕಳಿಗೆ. ಆ 85ರಲ್ಲಿ ಕಾಲಿಡಬೇಕಾದರೆ ಹತ್ತು, ಹನ್ನೆರಡು ಎರಡನ್ನೂ ಈ ರಾಜ್ಯದಲ್ಲಿ ಪಾಸು ಮಾಡಿರಬೇಕು, ಜೊತೆಗೆ ಡೊಮಿಸೈಲ್ ಇರಬೇಕು. ನಮ್ಮ ಕನ್ನಡದ ಮನೆಗಳು ಎಡವುವುದು ಇಲ್ಲಿಯೇ. ಮಗು ಜಾಣ ಅಂತ ಗೊತ್ತಾದ ಕೂಡಲೇ ಕೋಚಿಂಗಿಗೆಂದು ಹನ್ನೊಂದನೆಯದಕ್ಕೆ ಮೂಡುಬಿದಿರೆಗೋ ರಾಜಸ್ಥಾನದ ಕೋಟಾ ಊರಿಗೋ ಕಳಿಸಿಬಿಡುತ್ತಾರೆ. ಹನ್ನೆರಡು ಹೊರರಾಜ್ಯದಲ್ಲಿ ಆಯಿತೆಂದರೆ ಮಹಾರಾಷ್ಟ್ರದ 85ರ ಬಾಗಿಲು ಮುಚ್ಚಿತು. ಕರ್ನಾಟಕದ ಬಾಗಿಲು ತೆರೆಯಿತೇ? ಅಲ್ಲಿ ಏಳು ವರ್ಷ ಓದಿರಬೇಕು ಅನ್ನುತ್ತಾರೆ. ಎರಡು ವರ್ಷದ ಪಿಯುಸಿ ಅದಕ್ಕೆ ಸಾಲದು. ಎರಡೂ ದಡ ತಪ್ಪಿ 15ರ ನಡುನೀರಿನಲ್ಲಿ ದೇಶದ ಮಕ್ಕಳೆಲ್ಲರ ಜೊತೆ ಈಜಬೇಕು. ನಿಮ್ಮಪ್ಪನಿಗೂ ಆ ಯೋಚನೆ ಬಂದಿತ್ತು. ನೀನು ಹಟ ಮಾಡಿ ಇಲ್ಲೇ ಉಳಿದದ್ದು ಒಳ್ಳೆಯದಾಯಿತು.

ಕರ್ನಾಟಕದವರು ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಒಂದು ಕಿಟಕಿ ಇಟ್ಟಿದ್ದಾರೆ. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜದಂಥ ತಾಲೂಕುಗಳಲ್ಲಿ ಓದಿದವರಿಗೆ ಗಡಿನಾಡು ಎಂಬ ಲೆಕ್ಕ. ಶಿರೂರು ಅದರಲ್ಲಿಲ್ಲ, ನೀನು ಹೊರನಾಡಿನವಳು. ಎರಡಕ್ಕೂ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕನ್ನಡದ ಪರೀಕ್ಷೆ ಇಡುತ್ತದೆ. ನೀನು ಕನ್ನಡ ಮಾತಾಡುವುದು ಚಂದ, ಬರೆಯುವಾಗ ಮಾತ್ರ ಅಕ್ಷರಗಳು ದೇವನಾಗರಿಯ ಕಡೆಗೆ ಜಾರುತ್ತವೆ. ರಜೆಯಲ್ಲಿ ದಿನಕ್ಕೆ ಒಂದು ಪುಟ ಬರೆದು ತೋರಿಸು. ಆ ವರ್ಷದ ಮಾಹಿತಿ ಪುಸ್ತಕ ತೆಗೆದು ಯಾವ ಸೀಟಿಗೆ ಅರ್ಹತೆ ಇದೆ ಎಂದು ಅಕ್ಷರ ಅಕ್ಷರ ಓದು. ಬಾಯಿಮಾತು ನಂಬಬೇಡ, ನನ್ನದನ್ನೂ.

ಕಾಗದಪತ್ರದ ಇನ್ನೊಂದು ಗುಂಡಿ ಜಾತಿ ಪ್ರಮಾಣಪತ್ರದ್ದು. ಕರ್ನಾಟಕದ ತಹಶೀಲ್ದಾರರು ಕೊಟ್ಟ ಪತ್ರ ಮಹಾರಾಷ್ಟ್ರದ ಮೀಸಲಾತಿಗೆ ನಡೆಯುವುದಿಲ್ಲ. ಇಲ್ಲಿಯ ಒಬಿಸಿ ಪತ್ರ ಬೇಕೆಂದರೆ ಮನೆತನ 1967ರ ಅಕ್ಟೋಬರ್ 13ಕ್ಕೂ ಮೊದಲಿನಿಂದ ಈ ರಾಜ್ಯದಲ್ಲಿದ್ದ ದಾಖಲೆ ತೋರಿಸಬೇಕು. ಪರಿಶಿಷ್ಟ ಜಾತಿಗಾದರೆ 1950ರ ಆಗಸ್ಟ್ 10. ಎಂಐಡಿಸಿಗೆ ಕೆಲಸಕ್ಕೆ ಬಂದ ನಮ್ಮಂಥವರ ಹತ್ತಿರ ಅದೆಲ್ಲಿ ಬರಬೇಕು? ಹೀಗಾಗಿ ಊರಲ್ಲಿ ಮೀಸಲಾತಿ ಇದ್ದ ಎಷ್ಟೋ ಮನೆಯ ಮಕ್ಕಳು ಇಲ್ಲಿ ಓಪನ್‌ನಲ್ಲೇ ನಿಲ್ಲಬೇಕು. ಇದು ಕೌನ್ಸೆಲಿಂಗಿನ ದಿನ ಗೊತ್ತಾದರೆ ಎದೆ ಒಡೆಯುತ್ತದೆ. ಹನ್ನೊಂದನೆಯದರಲ್ಲೇ ಗೊತ್ತಿದ್ದರೆ ಇನ್ನೂ ನಾಲ್ಕು ಅಂಕ ಹೆಚ್ಚು ತೆಗೆಯುವ ಹಟ ಬರುತ್ತದೆ.

ಹಾಗಂತ ಓಪನ್‌ನವರಿಗೆ ಏನೂ ಇಲ್ಲವೆಂದಲ್ಲ. ವರ್ಷಕ್ಕೆ 8 ಲಕ್ಷದೊಳಗಿನ ಆದಾಯದ ಮನೆಗಳಿಗೆ ರಾಜರ್ಷಿ ಶಾಹು ಮಹಾರಾಜರ ಹೆಸರಿನ ಶುಲ್ಕ ಯೋಜನೆಯಿದೆ. ಹುಡುಗಿಯರಿಗಾಗಿ 2024ರ ಜುಲೈ 8ರಂದು ಮಹಾರಾಷ್ಟ್ರ ಸರ್ಕಾರ ಇನ್ನೂ ದೊಡ್ಡ ಆದೇಶ ಹೊರಡಿಸಿತು: ಆರ್ಥಿಕವಾಗಿ ದುರ್ಬಲ ವರ್ಗ, ಸಾಮಾಜಿಕ-ಶೈಕ್ಷಣಿಕವಾಗಿ ಹಿಂದುಳಿದ ವರ್ಗ (ಎಸ್‌ಇಬಿಸಿ), ಒಬಿಸಿ ಹುಡುಗಿಯರಿಗೆ ಅದೇ 8 ಲಕ್ಷದ ಮಿತಿಯೊಳಗೆ ವೃತ್ತಿಶಿಕ್ಷಣದ ಬೋಧನಾ ಶುಲ್ಕ ಪೂರ್ತಿ ಮಾಫಿ. ಸರ್ಕಾರದ ಕೇಂದ್ರೀಕೃತ ಪ್ರವೇಶದ ಮೂಲಕ ಸೀಟು ಪಡೆದಿರಬೇಕು. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಹೋದರೆ ಇಲ್ಲ, ಡೀಮ್ಡ್‌ಗೆ ಹೋದರೂ ಇಲ್ಲ. ನಿಮ್ಮಪ್ಪನ ಫಾರ್ಮ್ 16 ತೆಗೆದು ನೋಡಿ, ತಹಶೀಲು ಕಚೇರಿಯಿಂದ ಆದಾಯದ ದಾಖಲೆ ಮೇ ತಿಂಗಳೊಳಗೆ ತೆಗೆಸಿಟ್ಟುಕೊಳ್ಳಿ. ಜೂನ್ ಬಂತೆಂದರೆ ಅಲ್ಲಿ ನಿಲ್ಲಲು ಜಾಗವಿರುವುದಿಲ್ಲ.

ಈಗ ಕಾಲೇಜು. ಪುಣೆ ಜಿಲ್ಲೆಯಲ್ಲೇ ಸೋವಿಯಾದ ಬಾಗಿಲುಗಳಿವೆ. ಮೊದಲನೆಯದು ಸಾಸೂನ್ ಆಸ್ಪತ್ರೆಗೆ ಅಂಟಿಕೊಂಡ ಬಿ.ಜೆ. ಮೆಡಿಕಲ್ ಕಾಲೇಜು, 1946ರದು, ವರ್ಷಕ್ಕೆ 250 ಸೀಟು. ಸಿಕ್ಕರೆ ಕಣ್ಣು ಮುಚ್ಚಿ ಹೋಗು, ಆದರೆ ಅದಕ್ಕೆ ರ‍್ಯಾಂಕು ಬಹಳ ಮೇಲಿರಬೇಕು. ಎರಡನೆಯದು 1948ರ ಸಶಸ್ತ್ರ ಪಡೆಗಳ ಮೆಡಿಕಲ್ ಕಾಲೇಜು, ಎಎಫ್‌ಎಂಸಿ. ಅಲ್ಲಿ ಬೋಧನಾ ಶುಲ್ಕವಿಲ್ಲ, ಬದಲಿಗೆ ಸೇನೆಯ ವೈದ್ಯಕೀಯ ಸೇವೆಗೆ ಬದ್ಧಳಾಗಬೇಕು. ಹುಡುಗಿಯರಿಗೆ 30 ಸೀಟು ಮಾತ್ರ. ಸಮವಸ್ತ್ರದ ಬದುಕು ಮನಸ್ಸಿಗೆ ಒಪ್ಪಿದರೆ ಹೋಗು, ಪುಕ್ಕಟೆ ಅಂತ ಮಾತ್ರ ಹೋಗಬೇಡ. ಬಾರಾಮತಿಯಲ್ಲಿ 2019ರಿಂದ ಅಹಿಲ್ಯಾದೇವಿ ಹೋಳ್ಕರ್ ಹೆಸರಿನ ಸರ್ಕಾರಿ ಕಾಲೇಜು ನಡೆಯುತ್ತಿದೆ, 100 ಸೀಟು. ಎಸ್‌ಟಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಅರ್ಧ ಟಿಕೀಟು, ಶನಿವಾರ ಹತ್ತಿದರೆ ಊಟದ ಹೊತ್ತಿಗೆ ಮನೆಗೆ ಬರಬಹುದು.

ನನ್ನ ಮನಸ್ಸು ಇರುವುದು ಸೊಲ್ಲಾಪುರದ ಮೇಲೆ. ಅಲ್ಲಿಯ ಡಾ. ವೈಶಂಪಾಯನ್ ಸ್ಮಾರಕ ಸರ್ಕಾರಿ ಮೆಡಿಕಲ್ ಕಾಲೇಜು 1963ರಿಂದ ಇದೆ. ಅದರ ಆಸ್ಪತ್ರೆಯನ್ನು ಜನ ಇನ್ನೂ ‘ಸಿವಿಲ್’ ಅಂತಲೇ ಕರೆಯುತ್ತಾರೆ. ಅಕ್ಕಲಕೋಟೆಯಿಂದ, ಇಂಡಿಯಿಂದ, ಅಫಜಲಪುರದ ಕಡೆಯಿಂದ ರೋಗಿಗಳು ಬರುವುದು ಅಲ್ಲಿಗೇ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ‘ಯವ್ವಾ, ಇಲ್ಲಿ ಚುಳಕ್ ಅಂತೈತಿ’ ಅನ್ನುವ ಮುದುಕಿಯ ಮಾತು ಪುಣೆ ಮುಂಬೈಯಿಂದ ಬಂದ ನಿನ್ನ ಸಹಪಾಠಿಗಳಿಗೆ ತಿಳಿಯುವುದಿಲ್ಲ. ನಿನಗೆ ತಿಳಿಯುತ್ತದೆ. ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ಹೌಸ್‌ಮನ್ನುಗಳು ನಿನ್ನನ್ನೇ ಕರೆಯತೊಡಗುತ್ತಾರೆ. ರೋಗಿಯ ಬಾಯಿಂದ ರೋಗದ ಕತೆ ಕೇಳಿ ಬರೆದುಕೊಳ್ಳುವುದೇ ವೈದ್ಯವಿದ್ಯೆಯ ಮೊದಲ ಪಾಠವಂತೆ. ಅದನ್ನು ನಿನ್ನ ಭಾಷೆಯಲ್ಲೇ ಕಲಿಯುವ ಅವಕಾಶ ವರ್ಷಕ್ಕೆ 20 ಲಕ್ಷ ಕೊಟ್ಟರೂ ಬೇರೆ ಕಡೆ ಸಿಗದು.

ಚಂದ್ರಪುರ, ಗೊಂದಿಯಾ, ನಂದುರಬಾರ, ಸಿಂಧುದುರ್ಗ ಅಂದರೆ ನಿನ್ನವ್ವ ಮುಖ ಸಣ್ಣದು ಮಾಡುತ್ತಾಳೆ. ಆದರೂ ಕೌನ್ಸೆಲಿಂಗಿನ ಪಟ್ಟಿಯಲ್ಲಿ ದೂರದ ಸರ್ಕಾರಿ ಕಾಲೇಜುಗಳೆಲ್ಲ ಮುಗಿದ ಮೇಲೆಯೇ ಹತ್ತಿರದ ಖಾಸಗಿ ಬರಲಿ. ಪಟ್ಟಿಯ ಕ್ರಮ ತಪ್ಪಿದರೆ ಕಂಪ್ಯೂಟರು ಮೇಲಿನದನ್ನೇ ಕೊಟ್ಟು ಕೂತುಬಿಡುತ್ತದೆ, ಅದಕ್ಕೆ ನಿನ್ನ ಮನಸ್ಸು ತಿಳಿಯುವುದಿಲ್ಲ.

ಅಗ್ಗ ಅಂದಮೇಲೆ ಎಲ್ಲ ಒಳ್ಳೆಯದು ಅಂತಲೂ ನಾನು ಹೇಳುತ್ತಿಲ್ಲ. ಹೊಸದಾಗಿ ತೆರೆದ ಕೆಲವು ಸರ್ಕಾರಿ ಕಾಲೇಜುಗಳಲ್ಲಿ ಕಟ್ಟಡ ಅರ್ಧ, ಪ್ರಾಧ್ಯಾಪಕರು ಇನ್ನೂ ಅರ್ಧ. ಆದ್ದರಿಂದ ಯಾವುದೇ ಕಾಲೇಜನ್ನು ಪಟ್ಟಿಗೆ ಹಾಕುವ ಮೊದಲು ಒಂದು ಸೋಮವಾರ ಬೆಳಿಗ್ಗೆ ಅದರ ಆಸ್ಪತ್ರೆಗೆ ಹೋಗು. ಮುಂದಿನ ಕಟ್ಟಡದ ಕಾರಂಜಿ ನೋಡಬೇಡ. ಒಪಿಡಿ ಚೀಟಿ ಮಾಡಿಸುವ ಸಾಲು ಎಲ್ಲಿಯವರೆಗೆ ಬಂದಿದೆ, ಹೆರಿಗೆ ವಾರ್ಡಿನಲ್ಲಿ ಹಾಸಿಗೆ ಖಾಲಿ ಇವೆಯೇ, ರಾತ್ರಿ ಕ್ಯಾಜುವಾಲ್ಟಿಗೆ ಎಷ್ಟು ಜನ ಬಂದಿದ್ದರು ಎಂದು ಅಲ್ಲಿಯ ಆಯಾಗಳನ್ನು, ಮಾವಶಿಯರನ್ನು ಕೇಳು. ಸಾಸೂನ್‌ನಂಥ ಕಡೆ ಸಾವಿರದ ಇನ್ನೂರಕ್ಕೂ ಹೆಚ್ಚು ಹಾಸಿಗೆ, ಆದರೂ ರೋಗಿ ನೆಲದ ಮೇಲೆ ಮಲಗಿರುತ್ತಾನೆ. ರೋಗಿಗೆ ಅದು ಕಷ್ಟ, ಸರ್ಕಾರಕ್ಕೆ ನಾಚಿಕೆಗೇಡು. ಆದರೆ ಕಲಿಯುವ ಮಕ್ಕಳ ಕೈ ಪಳಗುವುದು ಅಂಥ ಕಡೆಯೇ. ಲಕ್ಷಗಟ್ಟಲೆ ಫೀಸಿನ ಕಾಲೇಜೊಂದರ ಆಸ್ಪತ್ರೆಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಹೋದಾಗ ಕಾರಿಡಾರಿನಲ್ಲಿ ನನ್ನ ಚಪ್ಪಲಿಯ ಸದ್ದೇ ನನಗೆ ಕೇಳಿಸಿತು.

ಸರ್ಕಾರಿ ಸೀಟಿಗೆ ಬಾಂಡ್ ಇದೆಯಲ್ಲ ಎಂದು ಯಾರಾದರೂ ಹೆದರಿಸುತ್ತಾರೆ. ಇದೆ. ಮಹಾರಾಷ್ಟ್ರದಲ್ಲಿ ಎಂಬಿಬಿಎಸ್ ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕು, ಇಲ್ಲವೆಂದರೆ 10 ಲಕ್ಷ ಕಟ್ಟಬೇಕು. ಸಂಬಳ ಕೊಟ್ಟು ಒಂದು ವರ್ಷ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೂರಿಸಿದರೆ ಅದನ್ನು ಶಿಕ್ಷೆ ಅನ್ನುವುದು ಹೇಗೆ? ಹಾವು ಕಡಿದವರು, ಔಷಧಿ ಕುಡಿದವರು, ಹೆರಿಗೆ ನೋವಿನವರು ನೇರ ನಿನ್ನ ಮುಂದೆಯೇ ಬರುತ್ತಾರೆ.

ದುಡ್ಡು ಕೊಟ್ಟು ಸೀಟು ಕೊಳ್ಳುವ ಈ ಪದ್ಧತಿ ಬೆಳೆದದ್ದರಲ್ಲಿ ನಮ್ಮ ಕರ್ನಾಟಕದ ಪಾಲು ದೊಡ್ಡದು. 1953ರಲ್ಲಿ ಟಿ.ಎಂ.ಎ. ಪೈಯವರು ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದಾಗ ಅದರ ಹಿಂದೆ ಒಳ್ಳೆಯ ಉದ್ದೇಶವಿತ್ತು: ಸರ್ಕಾರದ ಕೈಯಲ್ಲಿ ದುಡ್ಡಿಲ್ಲ, ಓದುವವರು ಕಟ್ಟಲಿ, ನಾಡಿಗೆ ಡಾಕ್ಟರರು ಸಿಗಲಿ. ಆ ಕಾಲೇಜು ದೊಡ್ಡ ಸಂಸ್ಥೆಯಾಯಿತು. ಆದರೆ ಅದರ ಹಿಂದೆ ಹೊರಟವರಲ್ಲಿ ಎಲ್ಲರಿಗೂ ಪೈಯವರ ಮನಸ್ಸಿರಲಿಲ್ಲ. 1984ರಲ್ಲಿ ಕರ್ನಾಟಕ ಕ್ಯಾಪಿಟೇಶನ್ ಶುಲ್ಕದ ವಿರುದ್ಧ ಕಾಯ್ದೆಯನ್ನೇ ತರಬೇಕಾಯಿತು. ಮಹಾರಾಷ್ಟ್ರ 1987ರಲ್ಲಿ ತಂದಿತು. ಆಮೇಲೆ ಉತ್ತರಪ್ರದೇಶದ ಮೀರತ್‌ನ ಮೋಹಿನಿ ಜೈನ್ ತುಮಕೂರಿನ ಖಾಸಗಿ ಕಾಲೇಜಿನ ಸೀಟಿಗೆ ಅರ್ಜಿ ಹಾಕಿದರು. ಆಗಿನ ಸರ್ಕಾರಿ ಆದೇಶದಂತೆ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದವರಿಗೆ 60,000. ಅವರು ಸುಪ್ರೀಂ ಕೋರ್ಟಿಗೆ ಹೋದರು. 1992ರ ಜುಲೈಯಲ್ಲಿ ಕೋರ್ಟು ಇದೂ ಕ್ಯಾಪಿಟೇಶನ್ನೇ, ನಡೆಯುವುದಿಲ್ಲ ಅಂದಿತು. ಮರುವರ್ಷವೇ ಇನ್ನೊಂದು ತೀರ್ಪು, ಹತ್ತು ವರ್ಷಕ್ಕೆ ಮತ್ತೊಂದು, ಹೀಗೆ ಬಾಗಿಲು ಮುಚ್ಚುತ್ತ ತೆರೆಯುತ್ತ ಬಂದಿದೆ. ಸರ್ಕಾರಿ ಸೀಟಿಗೂ ದುಬಾರಿ ಸೀಟಿಗೂ ಅಂದಿದ್ದ ಅಂತರ ಮೂವತ್ತು ಪಟ್ಟು. ಇಂದು ಹದಿನೈದಿಪ್ಪತ್ತು ಪಟ್ಟು ಇದ್ದರೂ, ಸೊನ್ನೆಗಳು ಹೆಚ್ಚಾಗಿರುವುದರಿಂದ ಎದೆ ಝಲ್ಲೆನ್ನುತ್ತದೆ.

ಇದನ್ನೆಲ್ಲ ಯಾಕೆ ಹೇಳಿದೆನೆಂದರೆ, ಯಾರಾದರೂ ‘ಸ್ವಲ್ಪ ನಗದು ಕೊಡಿ, ರಶೀದಿ ಬೇಡ’ ಎಂದರೆ ಆ ಮಾತಿಗೆ ನಾಲ್ಕು ದಶಕದಿಂದ ಕಾಯ್ದೆಯಲ್ಲಿ ಹೆಸರಿದೆ ಅಂತ ನಿನಗೆ ತಿಳಿದಿರಲಿ.

ವಿದೇಶದ ಎಂಬಿಬಿಎಸ್ ಬಗ್ಗೆ ಕೇಳಿದ್ದೆಯಲ್ಲ. ಅದಕ್ಕೂ ನೀಟ್ ಪಾಸಾಗಲೇಬೇಕು. 2021ರ ನಿಯಮದ ಪ್ರಕಾರ ಕನಿಷ್ಠ 54 ತಿಂಗಳ ಕೋರ್ಸು ಇಂಗ್ಲಿಷಿನಲ್ಲಿ ಇರಬೇಕು, 12 ತಿಂಗಳ ಇಂಟರ್ನ್‌ಶಿಪ್ಪೂ ಅಲ್ಲಿಯೇ ಆಗಬೇಕು, ಬಂದ ಮೇಲೆ ಇಲ್ಲಿ 300 ಅಂಕದ ಎಫ್‌ಎಂಜಿಇ ಪರೀಕ್ಷೆಯಲ್ಲಿ 150 ತೆಗೆಯಬೇಕು. ಅದರಲ್ಲಿ ಪಾಸಾಗುವವರಿಗಿಂತ ಫೇಲಾಗುವವರೇ ಹೆಚ್ಚು. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಸಿಕ್ಕು ತೀರಿಕೊಂಡ ಹಾವೇರಿ ಜಿಲ್ಲೆ ಚಳಗೇರಿಯ ಹುಡುಗನ ನೆನಪು ನಮಗೆಲ್ಲ ಇದೆ. ಇಲ್ಲಿ ಸೀಟಿನ ದರ ಕೈಗೆಟುಕದೆ ಮಗನನ್ನು ಅಷ್ಟು ದೂರ ಕಳಿಸಬೇಕಾಯಿತೆಂದು ಆ ತಂದೆ ಟಿವಿಯ ಮುಂದೆ ಹೇಳಿದ್ದರು. ದೇಹ ಊರಿಗೆ ಬಂದಾಗ ಅದನ್ನು ದಾವಣಗೆರೆಯ ಮೆಡಿಕಲ್ ಕಾಲೇಜಿನ ಮಕ್ಕಳ ಕಲಿಕೆಗೆ ದಾನ ಮಾಡಿದರು. ಆ ಮನೆಯವರನ್ನು ತಪ್ಪು ಅನ್ನುವ ನಾಲಗೆ ನನಗಿಲ್ಲ. ವಿದೇಶಕ್ಕೆ ಹೋಗಲೇಬೇಡ ಅಂತಲೂ ಅನ್ನುವುದಿಲ್ಲ. ನಿನ್ನ ಪಟ್ಟಿಯಲ್ಲಿ ಅದು ಕೊನೆಗೆ ಇರಲಿ, ಅಷ್ಟೇ.

ಈ ಸಲ ಸಿಗದಿದ್ದರೆ? 2025ರಲ್ಲಿ ಪರೀಕ್ಷೆಗೆ ಕೂತವರು 22 ಲಕ್ಷ ಮಕ್ಕಳು. ಸೀಟು ಸರ್ಕಾರಿ, ಖಾಸಗಿ ಎಲ್ಲ ಸೇರಿ ಸುಮಾರು ಒಂದೂಕಾಲು ಲಕ್ಷ. ಸಿಗದಿರುವುದು ಅಪಮಾನವಲ್ಲ. ಒಂದು ವರ್ಷ ಮತ್ತೆ ಕಟ್ಟು, ಒಪ್ಪುತ್ತೇನೆ. ಅಂಕ ಸರ್ಕಾರಿ ಸೀಟಿನ ಹೊಸ್ತಿಲ ಹತ್ತಿರ ಬಂದಿದ್ದರೆ ಆ ಒಂದು ವರ್ಷದ ಬೆಲೆ 80, 90 ಲಕ್ಷ ಉಳಿತಾಯ ಅಂತ ಲೆಕ್ಕ ಹಾಕು. ಆದರೆ ಮೂರು, ನಾಲ್ಕು ವರ್ಷ ಕೋಣೆಯಲ್ಲಿ ಬೀಗ ಹಾಕಿಕೊಂಡು ಕೂರುವುದು ನನಗೆ ಸೇರುವುದಿಲ್ಲ. ಎರಡನೇ ಸಲಕ್ಕೆ ಕೂರುವಾಗಲೇ ಇಲ್ಲಿಯ ಚಾಂದಮಲ್ ತಾರಾಚಂದ್ ಬೋರಾ ಕಾಲೇಜಿನಲ್ಲಿ ಬಿಎಸ್ಸಿಗೆ ಹೆಸರು ಹಚ್ಚಿಡು. ಮನೆಯಿಂದ ನಡೆದು ಹೋಗಬಹುದು, ಫೀಸು ನಿಮ್ಮಪ್ಪನ ಒಂದು ತಿಂಗಳ ಪಗಾರದಲ್ಲಿ ಮುಗಿಯುತ್ತದೆ. ನಮ್ಮ ದೇಶದಲ್ಲಿ ಬಿಎಸ್ಸಿಯ ವರ್ಷಗಳು ಎಂಬಿಬಿಎಸ್‌ಗೆ ಲೆಕ್ಕಕ್ಕೆ ಬರುವುದಿಲ್ಲ ನಿಜ. ಆದರೂ ಕೈಯಲ್ಲಿ ಒಂದು ಡಿಗ್ರಿ ಬೆಳೆಯುತ್ತಿರುತ್ತದೆ, ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗವಿರುತ್ತದೆ. ನೀಟ್‌ಗೆ ಮೇಲಿನ ವಯೋಮಿತಿ 2022ರಲ್ಲೇ ಹೋಗಿದೆ, ಬಾಗಿಲು ಮುಚ್ಚಿತು ಅಂತ ಯಾರೂ ಹೆದರಿಸಲಾರರು.

ನಮ್ಮ ಶಿರೂರಿನ ಸಂಸದ ಅಮೋಲ್ ಕೋಲ್ಹೆ ಟಿವಿಯಲ್ಲಿ ಶಿವಾಜಿ, ಸಂಭಾಜಿ ಆದದ್ದು ಎಲ್ಲರಿಗೂ ಗೊತ್ತು. ಅವರು ಮುಂಬೈಯ ಜಿ.ಎಸ್. ಮೆಡಿಕಲ್ ಕಾಲೇಜಿನ ಎಂಬಿಬಿಎಸ್ ಎಂಬುದು ಕೆಲವರಿಗೆ ಮಾತ್ರ ಗೊತ್ತು. ಅದು ಮುಂಬೈ ಪಾಲಿಕೆ ನಡೆಸುವ ಕಾಲೇಜು. ತಲೆಯ ಮೇಲೆ ಕೋಟಿ ಸಾಲ ಹೊತ್ತ ಡಾಕ್ಟರನೊಬ್ಬ ಸ್ಟೆತಾಸ್ಕೋಪ್ ಇಳಿಸಿ ಕುದುರೆ ಹತ್ತಲು ಹೊರಡುತ್ತಿದ್ದನೇ ಎಂದು ನನಗೆ ಆಗಾಗ ಅನ್ನಿಸುತ್ತದೆ. ನೀನು ಕುದುರೆ ಹತ್ತಬೇಕಾಗಿಲ್ಲ. ಆದರೆ ಹಳ್ಳಿಯಲ್ಲಿ ದವಾಖಾನೆ ಇಡಬೇಕು ಅನ್ನಿಸಬಹುದು, ಮಕ್ಕಳ ರೋಗ ಬಿಟ್ಟು ಮನೋರೋಗ ಓದಬೇಕು ಅನ್ನಿಸಬಹುದು, ಹೆಚ್ಚು ದುಡ್ಡು ಬರದ ಸಂಶೋಧನೆ ಹಿಡಿಯಬೇಕು ಅನ್ನಿಸಬಹುದು. ತಿಂಗಳ ಕಂತು 15,600 ಇದ್ದರೆ ಇದೆಲ್ಲ ನಡೆಯುತ್ತದೆ. ಒಂದೂವರೆ ಲಕ್ಷ ಇದ್ದರೆ ಬೇಡದ ಸ್ಕ್ಯಾನ್ ಬರೆಯಲು ಕೈ ತಾನಾಗಿ ಹೋಗುತ್ತದೆ. ಒಳ್ಳೆಯ ಮನಸ್ಸಿನವರ ಕೈಯೂ ಹೋಗುತ್ತದೆ.

ಬರುವ ರವಿವಾರ ಡೊಮಿಸೈಲಿನ ಕಾಗದ, ಹತ್ತನೆಯದರ ಗುಣಪತ್ರಿಕೆ, ನಿಮ್ಮಪ್ಪನ ಫಾರ್ಮ್ 16 ತಗೊಂಡು ಮನೆಗೆ ಬಾ. ಕಾಲೇಜುಗಳ ಪಟ್ಟಿಯನ್ನು ನೀನೇ ಒಂದು ಹಾಳೆಯಲ್ಲಿ ಬರೆದು ತಾ, ನಾನು ನೋಡಿ ತಿದ್ದುತ್ತೇನೆ. ಸೊಲ್ಲಾಪುರವನ್ನು ಐದರ ಕೆಳಗೆ ಬರೆದಿದ್ದರೆ ಮಾತ್ರ ಜಗಳಕ್ಕೆ ತಯಾರಾಗಿ ಬಾ.

ನಿನ್ನ ದೊಡ್ಡಪ್ಪ